ಬುಡದ ಮೇಲಿನ ಮುದ್ರೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಲಯ ಅರಣ್ಯಾಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು: ಮೀಸಲು ಕಾಡಿನ ತೇಗದ ಮರಗಳನ್ನು ಕದ್ದು ಕಡಿದಿದ್ದಾರೆ; ಡಿಪೋದಲ್ಲಿದ್ದ, ಮರಕ್ಕೆ ಸರ್ಕಾರಿ ಮುದ್ರೆ ಒತ್ತುವ ಸುತ್ತಿಗೆಯೂ ಮಾಯ. ಬೀಗದ ಕೈ ಇದ್ದದ್ದು ಡಿಪೋ ಕಾವಲುಗಾರನ ಹತ್ತಿರ. ಎಫ್‌ಐಆರ್ ದಾಖಲಾಯಿತು.

“ಅವನನ್ನ ಒಳಗೆ ಹಾಕಿ ಮೇಡಂ, ಎಲ್ಲಾ ಕಕ್ತಾನೆ.”

“ಮೊದಲು ಕಾಡು ನೋಡೋಣ ಸಾರ್,” ಎಂದರು ಇನ್ಸ್‌ಪೆಕ್ಟರ್. ಹಿಡಿದರೆ ಬಿಡದ ಈಕೆಗೆ ಪೇದೆಗಳು ‘ಜಿಗಣೆ ಮೇಡಂ’ ಎಂದೇ ಹೆಸರಿಟ್ಟಿದ್ದರು, ಹೆಮ್ಮೆಯಿಂದಲೇ.

ಕಾವಲುಗಾರನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಹೆಂಡತಿ ಅವನ ತೋಳು ಬಿಟ್ಟಿರಲಿಲ್ಲ. ಜೈಲಾದರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ.

ಕಾಡಿನಲ್ಲಿ ಪಂಚನಾಮೆ ನಡೆಯಿತು. ಇನ್ಸ್‌ಪೆಕ್ಟರ್ ಮೊಣಕಾಲೂರಿ ಕಡಿದ ಬುಡಗಳ ಮೇಲಿನ ಮರದ ಹೊಟ್ಟು ಒರೆಸಿದರು. ಪ್ರತಿ ಬುಡಕ್ಕೂ ಸರ್ಕಾರಿ ಮುದ್ರೆ, ಪಕ್ಕದಲ್ಲಿ ಸಂಖ್ಯೆ!

“ಕಳ್ಳ ನಮ್ಮ ಆಫೀಸಿಗಿಂತ ಅಚ್ಚುಕಟ್ಟು ಮೇಡಂ,” ಎಂದು ಪೇದೆ ನಕ್ಕ.

ಇನ್ಸ್‌ಪೆಕ್ಟರ್ ನಗಲಿಲ್ಲ. ದಿಮ್ಮಿಗೂ ಅದರ ಬುಡಕ್ಕೂ ಒಂದೇ ಮುದ್ರೆ, ಒಂದೇ ಸಂಖ್ಯೆ ಹಾಕುವುದು ಅರಣ್ಯ ಇಲಾಖೆಯ ಹಳೆಯ ಪದ್ಧತಿ. ಹೊಸ ಕಾನೂನು ಅದನ್ನೇ ಇಡೀ ದೇಶಕ್ಕೆ ಕಡ್ಡಾಯ ಮಾಡಿತ್ತು. ಮುದ್ರೆಯಿಲ್ಲದ ಮರ ಕೊಯ್ದರೆ ಮಿಲ್ಲಿಗೆ ಬೀಗ. ಬರೆದವರ ತಲೆಯನ್ನು ಮೆಚ್ಚಲೇಬೇಕು. ಆದರೆ ಚೆಕ್‌ಪೋಸ್ಟಿನವರು ನೋಡುವುದು ದಿಮ್ಮಿಯನ್ನಷ್ಟೇ. ಕಾಡಿನೊಳಗಿನ ಬುಡಕ್ಕೆ ಮುದ್ರೆ ಒತ್ತುವ ದರ್ದು ಕಳ್ಳನಿಗೇಕೆ?

“ಇದು ಕಳ್ಳನ ಕೈಯಲ್ಲ, ಇಲಾಖೆಯಲ್ಲಿ ಪಳಗಿದ ಕೈ. ಈ ಸಂಖ್ಯೆಗಳನ್ನ ಹಿಡಿದು ಮಿಲ್ಲುಗಳನ್ನೆಲ್ಲಾ ಜಾಲಾಡಿ,” ಎಂದರು.

ಬುಧವಾರ ಸಂಜೆ ಹೊಳೆಯಾಚೆಯ ಮಿಲ್ಲಿನಲ್ಲಿ ದಿಮ್ಮಿಗಳು ಸಿಕ್ಕವು, ಸಂಖ್ಯೆಗಳು ತಾಳೆಯಾದವು. ಮಾಲೀಕನಿಗೆ ಹೆಣ್ಣು ಕೊಟ್ಟ ಮಾವ ನಿವೃತ್ತ ಫಾರೆಸ್ಟರ್. ಕಾಡಿಗಾಗಿ ಕಳ್ಳರ ಏಟು ತಿಂದು ಕೈ ಮುರಿಸಿಕೊಂಡಿದ್ದ ಮನುಷ್ಯ. ಆತನ ಬಾಗಿಲು ತಟ್ಟುವಾಗ ಇನ್ಸ್‌ಪೆಕ್ಟರಿಗೂ ಸಂಕಟವಾಯಿತು.

“ಸುತ್ತಿಗೆ ಎಲ್ಲಿ?”

“ಅಟ್ಟದ ಮೇಲಿದೆ.”

“ಹೇಗೆ ಸಿಕ್ತು?”

“ಡಿಪೋಗೆ ಹರಟೆಗೆ ಹೋಗ್ತಿದ್ದೆ. ಕಾವಲುಗಾರ ನನ್ನನ್ನ ನಂಬಿ ಬೀಗದ ಕೈ ಅಲ್ಲೇ ಬಿಟ್ಟು ಚಹಾ ತರೋಕೆ ಹೋದ.”

“ಬುಡಕ್ಕೆ ಯಾಕೆ ಮುದ್ರೆ ಹಾಕಿದ್ರಿ?”

ಮುದುಕ ತನ್ನ ಕೈ ನೋಡಿಕೊಂಡ. “ಮರ ಬಿದ್ದ ಮೇಲೆ ಈ ಕೈ ತಾನಾಗೇ ಬುಡಕ್ಕೆ ಹೋಯ್ತು ಮೇಡಂ. ಜೀವಮಾನವೆಲ್ಲಾ ಅದನ್ನೇ ಮಾಡಿದ್ದು.”

ಹೊಸ ಕಾನೂನು ಬಂದ ಮೇಲೆ ಮುದ್ರೆಯಿರುವ ಮರ ಸಾಲದೆ ಅಳಿಯನ ಮಿಲ್ಲು ಮುಚ್ಚುವ ಹಂತಕ್ಕೆ ಬಂದಿತ್ತು. ಮಗಳು ಬಂದು, ಏನೂ ಕೇಳದೆ, ಅತ್ತು ಹೋಗಿದ್ದಳು. ಅಷ್ಟಕ್ಕೇ ಆತ ಸೋತಿದ್ದ.

ಮಾವ, ಅಳಿಯ ಇಬ್ಬರನ್ನೂ ಬಂಧಿಸಿ ಠಾಣೆಗೆ ಕರೆತಂದಾಗ ಅಂದೂ ವಿಚಾರಣೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಕಾವಲುಗಾರ ದಡಬಡಿಸಿ ಎದ್ದು ಮುದುಕನಿಗೆ ಕೈಮುಗಿದ. “ಸಾಹೇಬ್ರೇ, ನನ್ನ ಬಿಡಿಸೋಕೆ ಬಂದ್ರಾ?”

ಪೇದೆ ಮುಖ ತಿರುಗಿಸಿದ. ಮುದುಕ ತಲೆಯೆತ್ತಿ ಕಾವಲುಗಾರನನ್ನು ನೋಡಿದ.

“ಹೌದಪ್ಪಾ,” ಎಂದ. “ನೀನು ಮನೆಗೆ ಹೋಗು.”