ರುಚಿ ನೋಡಲು ಬರುತ್ತಿದ್ದವನು

"ಒಳಗೆ ಯಾರಿದ್ದೀರಿ? ಎಲ್ಲರೂ ಹೊರಗೆ ಬನ್ನಿ!"

ಹಿತ್ತಲ ಬಾಗಿಲನ್ನು ಒದ್ದು ನುಗ್ಗಿದವನ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು, ಕೈಯಲ್ಲಿ ನೀರಿನ ಪೈಪು. ಅವಳು ಇಕ್ಕಳ ಹಿಡಿದುಕೊಂಡೇ ಅವನಿಗೆ ಅಡ್ಡ ನಿಂತಳು.

"ನೀರು ಬಿಡ್ಬೇಡಿ ರೀ! ಬೆಂಕಿ ಬಿದ್ದಿಲ್ಲ... ಅದು ಅಡುಗೆ!"

"ಅಡುಗೆನಾ? ಕಬ್ಬಿಣದ ಬೀರು ಹೊಗೆಯಾಡ್ತಾ ಇದೆ!"

"ಅದರೊಳಗೆ ಕೋಳಿ ಇದೆ!"

ತಡವಾಗಿತ್ತು. ನೀರು ನುಗ್ಗಿತು. ಬೀರು, ಕೋಳಿ, ಅವಳು, ಎಲ್ಲ ತೊಯ್ದು ತೊಪ್ಪೆ!

ಪಕ್ಕದ ಮನೆಯವರು ಹೊಗೆ ನೋಡಿ ಗಾಬರಿಯಾಗಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ್ದರು. ಅವರದೂ ತಪ್ಪಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವ ಅವಳು ರಜೆ ಬಂತೆಂದರೆ ಹಿತ್ತಲಲ್ಲಿ ಸುತ್ತಿಗೆ ಹಿಡಿಯುತ್ತಿದ್ದಳು. ಕೆಟ್ಟ ವಾಷಿಂಗ್ ಮಷೀನಿನ ಡ್ರಮ್ಮಿನಲ್ಲಿ ಕಡಲೆಬೀಜ ಹುರಿಯುವ ಯಂತ್ರ, ಬಲ್ಬು ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಪೆಟ್ಟಿಗೆ. ಈಗ, ಬಣ್ಣವನ್ನೆಲ್ಲ ಉಜ್ಜಿ ತೆಗೆದ ಹಳೇ ಬೀರುವಿನಲ್ಲಿ ಹೊಗೆಯಿಂದಲೇ ಬೇಯಿಸುವ ಪ್ರಯೋಗ.

ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಬಾಗಿಲಲ್ಲಿ ನಿಂತು ನಕ್ಕರು. "ನಮ್ಮ ಇಂಜಿನಿಯರಮ್ಮನಿಗೆ ಸರಿಯಾದ ಬೆಂಕಿಯಪ್ಪ ಸಿಕ್ಕಿದ ನೋಡು!"

ಅವನ ಮುಖ ಕೆಂಪಾಯಿತು. ಅವಳಿಗೋ ಮೈಯೆಲ್ಲ ಉರಿ. ಆದರೂ... ಹೋಗುವಾಗ ಅವನು ತಿರುಗಿ ನೋಡಿದ್ದನ್ನು ಅವಳು ನೋಡದಿರಲಿಲ್ಲ.

ಮುಂದಿನ ಭಾನುವಾರ ಬೆಂಕಿಯಪ್ಪ ತಾನಾಗಿಯೇ ಬಂದ. ಕೈಯಲ್ಲಿ ಹಿತ್ತಲ ಬಾಗಿಲಿಗೆ ಹೊಸ ಕೀಲು.

"ನಾನೇ ಮುರಿದದ್ದಲ್ವಾ... ನಾನೇ ಹಾಕಿಕೊಡ್ತೀನಿ."

ಆಮೇಲೆ ಪ್ರತಿ ಭಾನುವಾರವೂ ಬಂದ. ಅವಳು ಬಡಿಸುತ್ತಿದ್ದಳು, ಅವನು ತಿನ್ನುತ್ತಿದ್ದ. ಇಡೀ ದಿನ ಹೊಗೆ ಕುಡಿದ ಅವಳ ಮೂಗಿಗೆ, ನಾಲಿಗೆಗೆ ಯಾವುದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅತ್ತೆಯಂತೂ ಹೊಗೆಯ ಅಡುಗೆಯನ್ನು ಮುಟ್ಟುತ್ತಿರಲಿಲ್ಲ.

"ಹೇಗಿದೆ? ನಿಜ ಹೇಳಿ."

"ಚೆನ್ನಾಗಿದೆ."

"ಹೊಗೆ ಜಾಸ್ತಿ ಆಯ್ತಾ?"

"ಇಲ್ಲಪ್ಪ. ಹದವಾಗಿದೆ."

ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ. 'ಇವನಿಗೆ ಜೀವನಪೂರ್ತಿ ಬಡಿಸ್ತಾ ಇರ್ಬೇಕು...' ಒಂದು ದಿನ ಪಾತ್ರೆ ತೊಳೆಯುತ್ತಾ ಅಂದುಕೊಂಡು, ತಾನೇ ನಾಚಿ, ಅದೇ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜಿದಳು.

ಆಗಲೇ ಅದೃಷ್ಟ ಬಾಗಿಲು ತಟ್ಟಿತು. ಕನ್ನಡಕದಂಗಡಿಯ ಯಜಮಾನರ ಮನೆಯ ಊಟಕ್ಕೆ ದೊಡ್ಡ ಹೋಟೆಲಿನವರೊಬ್ಬರು ಬರುವವರಿದ್ದರು. "ನಿನ್ನ ಹೊಗೆಕೋಳಿ ಮಾಡ್ಕೊಂಡು ಬಾ. ಅವರಿಗೆ ಹಿಡಿಸಿದ್ರೆ ಅವರ ಹೋಟೆಲಲ್ಲಿ ನಿಂದೇ ಒಂದು ಕೌಂಟರ್ ಆಗತ್ತಮ್ಮ," ಎಂದಿದ್ದರು ಯಜಮಾನರು.

ಊಟದ ಹಿಂದಿನ ದಿನ ಸಿಕ್ಕ ಸೌದೆ ಒಂಚೂರು ಹಸಿಯಾಗಿತ್ತು. ಹೊಗೆ ದಪ್ಪಗೆ, ಬೆಳ್ಳಗೆ ಎದ್ದಿತು. ಅವಳಿಗೆ ಅಳುಕು. ಚೂರು ಕೋಳಿಯನ್ನು ಅವನ ಬಾಯಿಗಿಟ್ಟಳು.

"ಕಮಟು ಹಿಡಿದಿದ್ಯಾ? ನನಗೆ ಒಂದೂ ಗೊತ್ತಾಗ್ತಿಲ್ಲ. ಪ್ಲೀಸ್... ಸರಿಯಾಗಿ ನೋಡಿ ಹೇಳು."

ಅವನು ಅಗಿದ. ಕಣ್ಣು ತಪ್ಪಿಸಿದ.

"ಚೆನ್ನಾಗಿದೆ. ಧೈರ್ಯವಾಗಿ ತಗೊಂಡು ಹೋಗು."

ಅವನ ಮಾತು ನಂಬಿ ಅವಳು ತಾನು ಮತ್ತೆ ರುಚಿ ನೋಡಲಿಲ್ಲ. ಮರುದಿನ ಹೋಟೆಲಿನವರು ಮೊದಲ ತುತ್ತನ್ನೇ ಕರವಸ್ತ್ರಕ್ಕೆ ಉಗಿದರು. "ಏನಮ್ಮಾ ಇದು! ಡಾಂಬರು ರಸ್ತೆ ನೆಕ್ಕಿದ ಹಾಗಿದೆ!"

ಮೇಜಿನ ತುಂಬ ನಗು. ಯಜಮಾನರು ತಲೆ ತಗ್ಗಿಸಿದರು. ಅವಳು ಪಾತ್ರೆ ಎತ್ತಿಕೊಂಡು ಹಿಂಬಾಗಿಲಿಂದ ಹೊರಬಿದ್ದಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ. 'ಅವನು ಯಾಕೆ ಹೇಳಲಿಲ್ಲ?'

ಸಂಜೆ ಅವನೇ ಬಂದ. ಅವಳ ಊದಿದ ಕಣ್ಣು ನೋಡಿ, "ತಡಿ, ಮೊದಲು ಟೀ ಮಾಡ್ತೀನಿ," ಎಂದು ಅಡುಗೆಮನೆಗೆ ನಡೆದ. ಮುಖ ತೊಳೆದು ಅವನ ಹಿಂದೆ ಬಂದವಳಿಗೆ ಮೂಗಿಗೆ ಬಡಿದದ್ದು ಗ್ಯಾಸಿನ ಗಬ್ಬು ವಾಸನೆ! ದುಃಖದಲ್ಲಿ ಅವಳೇ ಒಲೆಯ ತಿರುಗಣಿ ತಿರುಗಿಸಿ, ಹೊತ್ತಿಸದೆ ಬಿಟ್ಟಿದ್ದಳು. ಅವನು ಆ ವಾಸನೆಯ ನಡುವೆ ನಿಂತು... ಬೆಂಕಿಕಡ್ಡಿ ಹೊರತೆಗೆದಿದ್ದ.

"ಬೇಡ!!"

ಅವನ ಕೈಗೆ ಹೊಡೆದಳು. ಕಡ್ಡಿಪೆಟ್ಟಿಗೆ ನೆಲಕ್ಕೆ ಬಿತ್ತು. ತಿರುಗಣಿ ಮುಚ್ಚಿ, ಕಿಟಕಿಗಳನ್ನು ತೆರೆದು, ಅವನತ್ತ ತಿರುಗಿದಳು.

"ನಿನಗೆ... ವಾಸನೆ ಬರಲ್ವಾ?"

ಅವನ ಕಣ್ಣು ನೆಲದ ಕಡ್ಡಿಪೆಟ್ಟಿಗೆಯ ಮೇಲಿತ್ತು.

"ರುಚಿ?"

ಅವನು ಇಲ್ಲವೆಂದು ತಲೆಯಾಡಿಸಿದ. "ರಾಸಾಯನಿಕದ ಗೋಡೌನಿಗೆ ಬೆಂಕಿ ಬಿದ್ದಿತ್ತು. ಆವತ್ತಿಂದ ಎರಡೂ ಇಲ್ಲ. ಹೇಳಿದ್ರೆ ಬೆಂಕಿ ಆರಿಸೋ ಗಾಡಿ ಹತ್ತಿಸಲ್ಲ. ಆ ಕೆಲಸ ಬಿಟ್ರೆ ನನಗೆ ಬೇರೇನೂ..."

"ನನ್ನ ಹತ್ರಾನೂ ಹೇಳ್ಬಾರದಿತ್ತಾ?" ಅವಳ ದನಿ ಒಡೆಯಿತು. "ಪ್ರತಿ ವಾರ ನಿನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆ ನಾನು! ನಿನ್ನ ನಾಲಿಗೆನ ನಂಬಿದ್ದೆ... ನಾನೇನು ನಿನಗೆ ತಮಾಷೆನಾ? ಹೋಗು. ಮತ್ತೆ ಬರ್ಬೇಡ."

ಅವನು ಕಡ್ಡಿಪೆಟ್ಟಿಗೆಯನ್ನು ಎತ್ತಿಟ್ಟು ಹೋದ.

ಭಾನುವಾರಗಳು ಬಂದವು, ಹೋದವು. ಅವಳು ಹಿತ್ತಲ ಬಾಗಿಲನ್ನು ತೆರೆಯಲೇ ಇಲ್ಲ. ಅತ್ತೆ ಬಡಿಸಿದ ಅನ್ನವನ್ನು ಕೆದಕಿ ಎದ್ದುಬಿಡುತ್ತಿದ್ದಳು. ಬೈದು ಕಳಿಸಿದವಳೂ ತಾನೇ, ಬಾಗಿಲ ಸದ್ದಿಗೆ ಬೆಚ್ಚುವವಳೂ ತಾನೇ. ಎದೆಯೊಳಗಿನ ಸಂಕಟ ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಗಿತ್ತು.

ಒಂದು ಮಧ್ಯಾಹ್ನ ಅತ್ತೆ ಅವಳ ಪಕ್ಕ ಬಂದು ಕುಳಿತರು.

"ಮಾರ್ಕೆಟ್ಟಲ್ಲಿ ಅವನ ಜೊತೆ ಕೆಲಸ ಮಾಡೋನು ಸಿಕ್ಕಿದ್ದ ಕಣೇ. ನೀನು ಬೈದ ಮರುದಿನಾನೇ ಹೋಗಿ ಅಧಿಕಾರಿಗಳಿಗೆ ಎಲ್ಲ ಹೇಳಿಬಿಟ್ನಂತೆ. ಗಾಡಿಯಿಂದ ಇಳಿಸಿ, ಫೋನ್ ಎತ್ತೋ ಕೆಲಸಕ್ಕೆ ಕೂರಿಸಿದ್ದಾರಂತೆ."

ಚಪ್ಪಲಿ ಮೆಟ್ಟಿದ್ದೂ ಅವಳಿಗೆ ನೆನಪಿಲ್ಲ.

ಠಾಣೆಯ ಮೂಲೆಯ ಪುಟ್ಟ ಕೋಣೆ. ಫೋನಿನ ಮುಂದೆ ಅವನು. "ಗಾಬರಿ ಆಗ್ಬೇಡಿ ಅಜ್ಜಿ, ನೆಲಕ್ಕೆ ಬಗ್ಗಿ ಬಾಗಿಲ ಕಡೆ ಬನ್ನಿ... ಗಾಡಿ ಹೊರಟಿದೆ. ನಾನು ಲೈನಲ್ಲೇ ಇದೀನಿ." ಕಿಟಕಿಯಾಚೆ ಕೆಂಪು ಗಾಡಿ ಅವನನ್ನು ಬಿಟ್ಟು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವನ ಕಣ್ಣು ಅದರ ಮೇಲೇ ಇತ್ತು.

ಅಜ್ಜಿ ಹೊರಬಂದರೆಂದು ತಿಳಿದು ಫೋನಿಟ್ಟವನು ತಿರುಗಿದ. ಎದ್ದು ನಿಂತ.

"ಯಾಕೆ ಹೇಳಿದೆ? ಆ ಗಾಡಿ ನಿನ್ನ ಪ್ರಾಣ ಆಗಿತ್ತಲ್ವಾ?"

"ಆವತ್ತು ಕಡ್ಡಿ ಗೀರಿದ್ರೆ ನೀನಿರ್ತಿರಲಿಲ್ಲ." ಅವನು ಫೋನಿನತ್ತ ನೋಡಿದ. "ಇನ್ನೊಬ್ಬರ ಮನೇಲಿ ಹಾಗಾದ್ರೆ...? ನಿನ್ನನ್ನ ತಮಾಷೆ ಮಾಡಲಿಲ್ಲ ಕಣೇ. ನಿಜ ಹೇಳಿದ್ರೆ ನೀನು ಬಡಿಸೋದು ನಿಲ್ಲಿಸ್ತೀಯಾ ಅಂತ ಭಯ. ನೀನು ಬಡಿಸ್ತಾ ಮಾತಾಡ್ತಿದ್ಯಲ್ಲ... ನನಗೆ ಊಟ ಅಂದ್ರೆ ಅದೇ ಆಗಿತ್ತು."

ಅವಳ ಕಣ್ಣು ತುಂಬಿ ಹರಿಯಿತು.

"ನಿನ್ನ ಕೈರುಚಿ ನನಗೆ ಯಾವತ್ತೂ ಗೊತ್ತಾಗಲ್ಲ," ಎಂದ ಅವನು. "ನಿನಗೆ ಬೇಜಾರಾಗಲ್ವಾ?"

"ಆಗತ್ತೆ. ಸಾಯೋವರೆಗೂ ಆಗತ್ತೆ." ಅವಳು ಅವನ ಅಂಗಿಯ ತೋಳು ಹಿಡಿದಳು. "ಬೇಜಾರಿರೋ ಮನೇಲೂ ಜನ ಸಂಸಾರ ಮಾಡ್ತಾರೆ. ಮಾಡ್ತೀಯಾ ನನ್ನ ಜೊತೆ?"

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

"ಹೂಂ ಅನ್ನೋ..."

"ಹೂಂ."

"ನಿಜ ತಾನೆ?"

"ಇನ್ನು ಮೇಲೆ ಬರೀ ನಿಜ."