ಸುಣ್ಣ ಬಳಿದ ಶಾಸನ

"ಗುಡ್ಡ ಹತ್ರಿ, ಗುಡಿ ನೋಡ್ರಿ, ಬೇಕಾದ್ರೆ ಫೋಟೋ ಹೊಡ್ಕಳ್ರಿ. ಆ ಸುಣ್ಣ ಬಳ್ದಿರೋ ಕಲ್ಲಿನ್ ತಂಟೆಗೆ ಮಾತ್ರ ಹೋಗ್ಬ್ಯಾಡ್ರಿ ಮೇಷ್ಟ್ರೇ. ಹೋದ್ರೆ ನಾವು ಸುಮ್ಕಿರಲ್ಲ."

ಅಂಬಮ್ಮ ಟೀ ಲೋಟವನ್ನು ಹಲಗೆಯ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಟೀ ಚೆಲ್ಲಿಹೋಯಿತು. ಶಿವನಿ ಸ್ಟೇಷನ್ನಿನಿಂದ ನಾಲ್ಕು ಮೈಲಿ ಒಳಗೆ, ಗುಡ್ಡದ ಬುಡದಲ್ಲಿ ಇದ್ದದ್ದು ಅವಳದೊಂದೇ ಅಂಗಡಿ.

ದ್ವಾರಕಾನಾಥ ನಕ್ಕ. ಬೀರೂರಿನ ಹೈಸ್ಕೂಲಿಗೆ ಕನ್ನಡ ಮೇಷ್ಟ್ರಾಗಿ ಅವನು ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಇಸವಿ ಎಪ್ಪತ್ತೊಂಬತ್ತು. ಭಾನುವಾರ ಬಂತೆಂದರೆ ಅವನೂ ಹೆಂಡತಿ ಪುಟ್ಟಲಕ್ಷ್ಮಿಯೂ ಬುತ್ತಿ ಕಟ್ಟಿಕೊಂಡು ಬೆಳಗಿನ ಪ್ಯಾಸೆಂಜರ್ ರೈಲು ಹತ್ತುವುದು, ಯಾವುದೋ ಗುಡ್ಡ ಏರುವುದು, ಪಾಳುಗುಡಿಗಳಲ್ಲಿ ಶಾಸನ ಹುಡುಕುವುದು. ಅವರ ಕೆಲಸಕ್ಕೊಂದು ಪದ್ಧತಿಯಿತ್ತು. ಅವನು ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಹೇಳುವನು. ಅವಳು ನೋಟು ಪುಸ್ತಕದಲ್ಲಿ ಬರೆದುಕೊಳ್ಳುವಳು. ಸಾಲು ಮುಗಿದ ಮೇಲೆ ಅವಳು ಅದನ್ನು ಗಟ್ಟಿಯಾಗಿ ಓದುವಳು. ತಪ್ಪು ಹಿಡಿಯುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಹಾಗೆ ಮಾಡಿಯೇ ಇಪ್ಪತ್ತೇಳು ಶಾಸನ ಓದಿದ್ದರು.

"ಯಾಕಮ್ಮ, ನಿಧಿಯ ಗುಟ್ಟೇನಾದರೂ ಬರೆದಿದೆಯೋ ಅದರಲ್ಲಿ?"

"ನಿಧಿ ಇದ್ದಿದ್ರೆ ನಮ್ಮೂರ್ನೋರು ಬಿಡ್ತಿದ್ರಾ?" ಎಂದದ್ದು ಬೆಂಚಿನ ತುದಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಮುದುಕ ತೀರ್ಥಪ್ಪ. ಆದರೆ ಅವನು ನಗಲಿಲ್ಲ. "ಒಬ್ಬ ಮಾಟಗಾರ ಇದ್ದ ಕಣ್ರೀ. ಯಾವ್ದೋ ಕಾಲದ್ ಮಾತು. ಯಾವನೋ ಪಾಳೇಗಾರ ಅವ್ನ ಬಾಯಿಗೆ ಸುಣ್ಣ ತುಂಬಿ, ಉಸ್ರು ಕಟ್ಸಿ ಕೊಂದ. ಸಾಯೋಕ್ ಮುಂಚೆ ಅವ್ನು ಆ ಕಲ್ಲಿನ್ ಮೇಲೆ ಏನೋ ಕೆತ್ತಿಟ್ಟ. ಅದು ಯಾರ್ ಬಾಯಿಗೂ ಬರ್ಬಾರ್ದು ಅಂತ ವರ್ಷಾ ವರ್ಷಾ ಅಕ್ಷರದ್ ಸಂದಿಗೆಲ್ಲ ಸುಣ್ಣ ತುಂಬ್ತೀವಿ. ಮೊದ್ಲು ನಮ್ಮಪ್ಪ, ಈಗ ನಾನು."

"ಏನು ಬರೆದಿದೆ ಅಂತ ನಿಮಗೆ ಗೊತ್ತೇನು?"

"ನಂಗ್ ಅಕ್ಷರ ಬರಲ್ಲ. ಅದ್ಕೇ ನನ್ ಕೈಲಿ ಮಾಡಿಸ್ತಾರೆ."

"ಚೆನ್ನಾಗಿದೆ!" ದ್ವಾರಕಾನಾಥ ತೊಡೆ ತಟ್ಟಿಕೊಂಡ. "ಓದು ಬಾರದವರೆಲ್ಲ ಸೇರಿ ಓದು ಬಲ್ಲವರ ಕಣ್ಣಿಗೆ ಸುಣ್ಣ ಹಾಕ್ತಿದ್ದೀರಿ. ಇನ್ನೊಂದು ಟೀ ಕೊಡಮ್ಮ."

"ಹಾಲು ಮುಗೀತು," ಎಂದಳು ಅಂಬಮ್ಮ. ಹಾಲಿನ ಪಾತ್ರೆ ಅವಳ ಮುಂದೆಯೇ ಉಕ್ಕುತ್ತಿತ್ತು.

ಗುಡ್ಡವೂ ಅವರನ್ನು ಕರೆಯಲಿಲ್ಲ. ಕಾಲುದಾರಿಯ ಎರಡೂ ಕಡೆ ಕಾರೆಮುಳ್ಳು ಕೈಚಾಚಿ ನಿಂತಿತ್ತು. ಪುಟ್ಟಲಕ್ಷ್ಮಿಯ ಸೆರಗನ್ನು ಮೂರು ಕಡೆ ಸೀಳಿತು. ಕಾದ ಬಂಡೆಯಿಂದ ಝಳ ಮುಖಕ್ಕೆ ಹೊಡೆಯುತ್ತಿತ್ತು. ಒಣಹುಲ್ಲಿನ ವಾಸನೆ, ಆಡಿನ ಹಿಕ್ಕೆಯ ವಾಸನೆ. ಅರ್ಧ ಗುಡ್ಡ ಏರುವಷ್ಟರಲ್ಲಿ ಹಕ್ಕಿಗಳ ಸದ್ದು ನಿಂತುಹೋಯಿತು. ಎದುರಿಗೆ ಸಿಕ್ಕ ಕುರಿಗಾಹಿ ಮಾತಾಡಿಸಿದರೆ ಮುಖ ತಿರುಗಿಸಿ, ನೆಲಕ್ಕೆ ಉಗಿದು, ಕುರಿಗಳನ್ನು ಅಟ್ಟಿಕೊಂಡು ಇಳಿದುಹೋದ.

"ನಿಮ್ಮ ಜೊತೆ ಮದುವೆ ಆದದ್ದಕ್ಕೆ ನನ್ನ ಸೀರೆಗಳು ಅಳ್ತಿವೆ ನೋಡಿ," ಎಂದಳು ಪುಟ್ಟಲಕ್ಷ್ಮಿ, ಏದುಸಿರು ಬಿಡುತ್ತ.

"ಪುಸ್ತಕ ಅಚ್ಚಾಗಲಿ, ಧರ್ಮಾವರದ ಸೀರೆ."

"ಪುಸ್ತಕದ ಮೇಲೆ ನನ್ನ ಹೆಸರೂ ಇರಬೇಕು. ಸೀರೆ ಆಮೇಲೆ."

ಗುಡಿಯಲ್ಲಿ ದೇವರಿರಲಿಲ್ಲ. ಕಂಬಗಳ ನಡುವಿನ ಕತ್ತಲಲ್ಲಿ ಬಾವಲಿಗಳ ಘಾಟು ಮೂಗಿಗೆ ಬಡಿಯಿತು. ಕಲ್ಲು ಇದ್ದದ್ದು ಹಿಂದುಗಡೆ, ಬಟಾಬಯಲಲ್ಲಿ. ಆಳೆತ್ತರ, ಬೆಳ್ಳಗೆ, ಹೆಣಕ್ಕೆ ಬಟ್ಟೆ ಹೊದಿಸಿದಂತೆ ಸುಣ್ಣ. ನೂರಾರು ವರ್ಷದ ಸುಣ್ಣ ಪದರ ಪದರವಾಗಿ ಕೂತು ಅಕ್ಷರದ ಗುರುತೇ ಇರಲಿಲ್ಲ.

ದ್ವಾರಕಾನಾಥನಿಗೆ ರಕ್ತ ಕುದಿಯಿತು. "ಕೊಲೆ ಕಣೇ ಇದು. ಶಾಸನದ ಕೊಲೆ."

ನೀರು ಎರಚಿದ. ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಿದ. ಬಿದಿರುಕಡ್ಡಿಯಿಂದ ಒಂದೊಂದು ಗೀರನ್ನೂ ಕೆದಕಿ ಬಿಡಿಸಿದ. ನೆನೆದ ಸುಣ್ಣದ ವಾಸನೆ ಎದ್ದಿತು. ಅದರ ಅಡಿಯಿಂದ ಇನ್ನೊಂದು ವಾಸನೆ ಬಂತು. ಎಷ್ಟೋ ಕಾಲದಿಂದ ಮುಚ್ಚಿದ್ದ ಬಾಯಿಯನ್ನು ಯಾರೋ ಮುಖದ ಹತ್ತಿರವೇ ತೆರೆದ ಹಾಗೆ.

"ರೀ, ಸಾಕು ಮಾಡಿ. ಯಾಕೋ ನನಗೆ ಸರಿ ಕಾಣ್ತಿಲ್ಲ."

"ಇರೋದೇ ಒಂದು ಸಾಲು ಪುಟ್ಟಿ. ಹನ್ನೊಂದು ಅಕ್ಷರ. ಬರ್ಕೋ."

ಹಳೆಯ ಲಿಪಿ, ಪದಗಳ ನಡುವೆ ಎಡೆಯಿಲ್ಲ. ಅವನ ಗಮನವೆಲ್ಲ ಅಕ್ಷರದ ಕೊಂಬು, ತಲೆಕಟ್ಟುಗಳ ಮೇಲೆ. ಇ. ದಂ. ನು. ಡಿ. ದ. ರ. ಉ. ಸಿ. ರೆ. ನ. ಗೆ. ಪೆನ್ಸಿಲ್ಲು ಕಾಗದದ ಮೇಲೆ ಸರಸರ ಓಡಿತು. ಆಮೇಲೆ, ಪ್ರತಿ ಸಲದ ಹಾಗೆ, ಪುಟ್ಟಲಕ್ಷ್ಮಿ ತಲೆಯೆತ್ತಿ ಗಟ್ಟಿಯಾಗಿ ಓದಿದಳು.

"ಇದಂ ನುಡಿದರ ಉಸಿರೆನಗೆ."

ಇದನ್ನು ನುಡಿದವರ ಉಸಿರು ನನಗೆ.

ಅರ್ಥ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ನಗಲು ಹೋದಳು. ನಗುವುದಕ್ಕೆ ಉಸಿರು ಬೇಕು. ಉಸಿರಿರಲಿಲ್ಲ.

ಪುಸ್ತಕ ಕೈಜಾರಿತು. ಎರಡೂ ಕೈ ಗಂಟಲಿಗೆ ಹೋದವು. ಬಾಯಿ ತೆರೆದಿತ್ತು. ಒಳಗೆ ನಾಲಗೆ ಬೆಳ್ಳಗಾಗಿತ್ತು, ಸುಣ್ಣ ಮೆತ್ತಿದ ಹಾಗೆ.

ಸುಯ್ಯೆಂದು ಸದ್ದಾಯಿತು. ಕಲ್ಲು ಉಸಿರೆಳೆದುಕೊಂಡಿತು.

ಗಾಳಿಯೇ ಇರಲಿಲ್ಲ. ಆದರೂ ನೆಲದ ತರಗೆಲೆಗಳು ಕಲ್ಲಿನ ಕಡೆಗೆ ತೆವಳಿದವು. ಪುಸ್ತಕದ ಹಾಳೆಗಳು ಅತ್ತ ಬಾಗಿದವು. ಹನ್ನೊಂದು ಅಕ್ಷರ, ಹನ್ನೊಂದು ಬಾಯಿ. ಮತ್ತೆ ಸುಯ್ಯೆಂದಿತು. ಅವಳ ಎದೆ ಚಪ್ಪಟೆಯಾಯಿತು.

ದ್ವಾರಕಾನಾಥ ಅವಳನ್ನು ಹೊತ್ತುಕೊಂಡು ಓಡಿದ. ಹತ್ತು ಹೆಜ್ಜೆ. ಅವಳ ತುಟಿ ನೀಲಿಯಾಯಿತು. ಇಪ್ಪತ್ತು ಹೆಜ್ಜೆ. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ದೂರ ಹೋದಷ್ಟೂ ಎಳೆತ ಬಿಗಿಯಾಗುತ್ತಿತ್ತು. ಮತ್ತೆ ತಿರುಗಿ ಓಡಿಬಂದ. ಕಲ್ಲಿನ ಹತ್ತಿರ ಬಂದರೆ ದಾರದೆಳೆಯಷ್ಟು ಉಸಿರು. ಅಷ್ಟೇ.

"ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ ನಿಂಗೆ?"

ತೀರ್ಥಪ್ಪ ಗುಡಿಯ ಮೂಲೆ ಹಿಡಿದು ನಿಂತಿದ್ದ. ಮೈಯೆಲ್ಲ ಬೆವರು. ಕೈಯಲ್ಲಿ ಸುಣ್ಣದ ಗಡಿಗೆ. ಇವರು ಹತ್ತಿದ ಹಿಂದೆಯೇ ಅವನೂ ಹತ್ತಿದ್ದ. ಕಣ್ಣಲ್ಲಿ ಕರುಣೆ ಇರಲಿಲ್ಲ.

"ಮುಚ್ಚಿ ಅಜ್ಜಾ! ಬೇಗ ಮುಚ್ಚಿ!"

"ನಾನ್ ಮುಚ್ಚಿದ್ರೆ ಆಗಲ್ಲ. ತೆರೆದ ಕೈಯೇ ಮುಚ್ಬೇಕು." ಗಡಿಗೆಯನ್ನು ಮುಂದಕ್ಕೆ ತಳ್ಳಿದ. "ಕೇಳ್ಕೊ. ಓದು ಬಲ್ಲೋನು ಮುಚ್ಚಿದ್ರೆ ಅವನ್ ಅಕ್ಷರಾನೆಲ್ಲ ಕಿತ್ಕಂತದೆ ಅದು. ನಂಗೆ ಕಳ್ಕಳಕ್ಕೆ ಏನೂ ಇರ್ಲಿಲ್ಲ. ನಿಂಗೈತೆ."

ದ್ವಾರಕಾನಾಥ ಹೆಂಡತಿಯ ಮುಖ ನೋಡಿದ. ಅವಳು ಬೇಡವೆನ್ನುವಂತೆ ತಲೆಯಾಡಿಸಿದಳು. ಅವಳಿಗೆ ಕೇಳಿಸಿತ್ತು.

ಅವನು ಗಡಿಗೆಗೆ ಕೈ ಅದ್ದಿದ. ಸುಟ್ಟಿತು.

"ಕೊನೇದ್ರಿಂದ ಹಿಂದಕ್ ಬಾ!"

ಕೊನೆಯ ಅಕ್ಷರದ ಗುಂಡಿಗೆ ಸುಣ್ಣ ಒತ್ತಿದ. ಕಲ್ಲು ಬೆರಳನ್ನು ಕಚ್ಚಿ ಹಿಡಿಯಿತು. ಎಳೆದುಕೊಂಡ. 'ಗೆ' ಹೇಗೆ ಬರೆಯುತ್ತಾರೆ? ನೆನಪಿಗೆ ಬರಲಿಲ್ಲ. ಎರಡನೆಯದು. ಅಪ್ಪ ಮರಳಿನ ಮೇಲೆ ಕೈ ಹಿಡಿದು ತಿದ್ದಿಸಿದ್ದು ಕಣ್ಣೆದುರು ಬಂತು. ಮರಳಿನ ಮೇಲೆ ಏನೂ ಮೂಡಿರಲಿಲ್ಲ. ಬರೀ ಮರಳು. ಮೂರನೆಯದು. ನಾಲ್ಕನೆಯದು. ಅವನಿಗೆ ಬಾಯಿಪಾಠವಿದ್ದ ಹಳೆಗನ್ನಡದ ಹಾಳೆಗಳು ತಲೆಯೊಳಗೆ ಒಂದೊಂದಾಗಿ ಬೆಳ್ಳಗಾದವು. ಹಿಂದೆ ಅವಳ ಗಂಟಲು ಗೊರಗೊರ ಎನ್ನುತ್ತಿತ್ತು. ಆರನೆಯದು. ಉಗುರು ಕಿತ್ತುಬಂತು. ಸುಣ್ಣ ಕೆಂಪಾಯಿತು. ಎಂಟು. ಈಗ ಅವನ ಮುಂದೆ ಅಕ್ಷರಗಳೇ ಇರಲಿಲ್ಲ. ಕಲ್ಲಿನಲ್ಲಿ ಕೆಲವು ತಗ್ಗುಗಳಿದ್ದವು. ತಗ್ಗು ಮುಚ್ಚಬೇಕು. ಯಾಕೆ? ಪುಟ್ಟಿ. ಒಂಬತ್ತು. ಪುಟ್ಟಿ. ಹತ್ತು. ಗೊರಗೊರ ನಿಂತಿತು. ಹಿಂತಿರುಗಿ ನೋಡಲಿಲ್ಲ. ಹನ್ನೊಂದು. ಅಂಗೈಯಿಂದ ಒತ್ತಿದ. ಒತ್ತಿ ಹಿಡಿದ.

ಕಲ್ಲು ಸುಮ್ಮನಾಯಿತು.

ಹಿಂದಿನಿಂದ, ಬಾವಿಯ ತಳದಿಂದ ಮೇಲೆದ್ದು ಬಂದವರ ಹಾಗೆ, ಪುಟ್ಟಲಕ್ಷ್ಮಿ ಉಸಿರೆಳೆದುಕೊಂಡಳು. ಕೆಮ್ಮಿದಳು. ಬಿಳೀ ಪುಡಿ ಉಗುಳಿದಳು. ಮತ್ತೆ ಉಸಿರೆಳೆದುಕೊಂಡಳು.

ತೀರ್ಥಪ್ಪ ಪುಸ್ತಕದ ಆ ಹಾಳೆ ಹರಿದು ಗಡಿಗೆಯಲ್ಲಿ ಅದ್ದಿ ಕಲಸಿಬಿಟ್ಟ. "ಹೆಂಡ್ತಿ ಉಳುದ್ಲಲ್ಲ, ಇಳೀರಿನ್ನ. ಈ ಕಡೆ ತಲೆ ಹಾಕ್ಬ್ಯಾಡ್ರಿ," ಎಂದ. ಉಳಿದ ಹಾಳೆಗಳನ್ನು ದ್ವಾರಕಾನಾಥ ಮಗುಚಿ ನೋಡಿದ. ಇಪ್ಪತ್ತೇಳು ಶಾಸನ. ಅವನ ಕಣ್ಣಿಗೆ ಇರುವೆಗಳು ಸತ್ತು ಸಾಲಾಗಿ ಬಿದ್ದ ಹಾಗಿತ್ತು.

ಹತ್ತು ದಿನದ ಮೇಲೆ ಅವನು ಹೆಡ್‌ಮಾಸ್ಟರ್ ಗಂಗಾಧರಯ್ಯನವರ ಕೋಣೆಯಲ್ಲಿ ನಿಂತಿದ್ದ. ರಜೆ ಮುಗಿದಿತ್ತು. ಡಾಕ್ಟರು ಕಣ್ಣು ಸರಿಯಿದೆ ಎಂದಿದ್ದರು, ತಲೆ ಸರಿಯಿದೆ ಎಂದಿದ್ದರು. ಹೆಂಡತಿ ದಿನಾ ಸಂಜೆ ಸ್ಲೇಟು ಹಿಡಿದು ಕೂರಿಸುತ್ತಿದ್ದಳು. ಅವಳು ತಿದ್ದಿಸಿದ್ದು ಅವನು ಕೈಯೆತ್ತುವಷ್ಟರಲ್ಲಿ ಮರೆತುಹೋಗುತ್ತಿತ್ತು.

"ರಾಜೀನಾಮೆ ಏನೋ ಬರೆದಿದ್ದೀರಿ. ಅಕ್ಷರ ದುಂಡಗೆ ಚೆನ್ನಾಗಿದೆ," ಎಂದರು ಗಂಗಾಧರಯ್ಯ, ಕನ್ನಡಕ ಏರಿಸುತ್ತ. "ಸಹಿ ಎಲ್ರೀ?"

"ಬರೆದದ್ದು ಇವಳು ಸಾರ್. ಸಹಿ ನನಗೆ..." ಅವನು ಮೇಜಿನ ಮೇಲಿದ್ದ ಶಾಯಿ ಪ್ಯಾಡನ್ನು ಹತ್ತಿರಕ್ಕೆ ಎಳೆದುಕೊಂಡ.

"ಏನ್ರೀ ತಮಾಷೆ! ಕನ್ನಡ ಮೇಷ್ಟ್ರದ್ದು ಹೆಬ್ಬೆಟ್ಟೇ?" ಅವರು ನಗಲು ಶುರುಮಾಡಿದರು. ಅವನ ಮುಖ ನೋಡಿ ನಿಲ್ಲಿಸಿದರು.

ಬಾಗಿಲ ಬಳಿ ಪುಟ್ಟಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ಅವಳು ಉಸಿರೆಳೆದು ಬಿಡುವುದು ಆ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವನು ಅದನ್ನೇ ಕೇಳುತ್ತ, ಯಾವ ಕಡೆ ಒತ್ತಬೇಕೆಂದು ಅವಳನ್ನು ಕಣ್ಣಲ್ಲೇ ವಿಚಾರಿಸಿದ. ಅವಳು ಹತ್ತಿರ ಬಂದು ಕಾಗದದ ಕೆಳಗಿನ ಬಲಮೂಲೆಯಲ್ಲಿ ಬೆರಳಿಟ್ಟು ತೋರಿಸಿದಳು.

ಅವನು ಹೆಬ್ಬೆರಳು ಒತ್ತಿದ.