ಓ ಅನ್ನುವ ಪ್ರಿಂಟರ್

ಪ್ರಿಂಟರಿಗೆ ನನ್ನ ಹೆಸರಿಟ್ಟವನು ಮೌನೇಶ.

ಬೆಟಗೇರಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಮಹಡಿಯ ಮೇಲೆ ಅವನ ಕಂಪ್ಯೂಟರ್ ರಿಪೇರಿ. ಮೆಟ್ಟಿಲು ಹಿಂದಿನ ಓಣಿಯಿಂದ. ವೈಫೈ ಇಬ್ಬರಿಗೂ ಒಂದೇ. ಹೊಸ ಪ್ರಿಂಟರ್ ಜೋಡಿಸಿದ ದಿನ ಅವನು ಮೇಲೆ ಹೋಗಿ, ವೈರಿಲ್ಲದೆ ಕೆಳಗೆ ಹಾಳೆ ಬರಿಸಿ ತೋರಿಸಿದ. ಇಳಿದು ಬಂದ ಮೇಲೆ ಕೇಳಿದೆ:

"ಪ್ರಿಂಟರ್ ಇಲ್ಲಿ ಐತಂತ ನಿಮ್ಮ ಲ್ಯಾಪ್‌ಟಾಪಿಗೆ ಹೆಂಗ ಗೊತ್ತಾತು?"

"ಅದು ಕೂಗತೈತ್ರಿ, 'ಇಲ್ಲಿ ಪ್ರಿಂಟರ್ ಯಾರದೀರಿ?' ಅಂತ. ಎಲ್ಲಾ ಮಷೀನಿಗೂ ಕೇಳಸತೈತಿ. ಪ್ರಿಂಟರ್ ಅಷ್ಟ 'ಓ, ನಾ ಅದೀನಿ' ಅಂತ ಹೆಸರು ಹೇಳತೈತಿ."

"ಯಾರು ಕೂಗಿದ್ರೂ?"

"ಈ ವೈಫೈದಾಗ ಇದ್ದವರು ಯಾರು ಕೂಗಿದ್ರೂ."

"ಮಾನಗೇಡಿ ಪ್ರಿಂಟರ್."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಮಾತ್ರ ಸಣ್ಣದಾಗುತ್ತದೆ. ಹೆಸರಿನ ಜಾಗದಲ್ಲಿ 'ಅಂಕಿತಾ' ಎಂದು ಟೈಪ್ ಮಾಡಿದ.

"ಇನ್ನ ದಿನಾ ನಿನ್ನ ಹೆಸರು ಹಿಡದು ಕರೀತೀನಿ."

'ರಿ' ಬಿಟ್ಟಿದ್ದ. ನನಗೆ ಗೊತ್ತಾಯಿತು. ತಿದ್ದಲಿಲ್ಲ.

ಎಂಟು ತಿಂಗಳು ಮೇಲಿನಿಂದ ಹಾಳೆ ಬಂದವು. 'ಚಾ ಕುಡಿಯೂಣೇನು?' 'ಇವತ್ತ ಹಳದಿ ಸೀರಿ ಚಂದ ಐತಿ.' ಅವ್ವ ಮಗ್ಗದ ಮುಂದೆ ಕುಳಿತು ಮದುವೆಯ ಮಾತು ಕೇಳಿದಾಗಲೆಲ್ಲ, "ದೀಪಾವಳಿ ಮುಗೀಲಿ, ಅವರ ಮನಿಯವರು ಬರ್ತಾರ" ಎಂದಿದ್ದೆ. ಅವ್ವ ಸೀರೆಯೊಂದನ್ನು ತೆಗೆದಿಟ್ಟಿದ್ದಳು.

ದೀಪಾವಳಿ ಮುಗಿದ ಮೇಲೆ ನಾನೇ ಮೌನೇಶನಿಗೆ ಫೋನ್ ಮಾಡಿದೆ.

"ಮುಂಡರಗ್ಯಾಗ ಅದೀನಿ. ಸಂಜಿಗೆ ಮಾತಾಡೂಣು."

ಫೋನ್ ಕೆಳಗಿಡುವಷ್ಟರಲ್ಲಿ ಪ್ರಿಂಟರ್ ಗರಗರ ಎಂದಿತು. ನಾನು ಏನೂ ಕೊಟ್ಟಿರಲಿಲ್ಲ. ಹಾಳೆ ಬಂತು. ನಿಶ್ಚಯದ ಆಮಂತ್ರಣ. ಚಿ. ಮೌನೇಶ, ಚಿ.ಸೌ. ಪ್ರಿಯಾ. ಸೋಮವಾರ, ಲಕ್ಷ್ಮೇಶ್ವರ.

ಮೇಲಿನ ಕಿಟಕಿಯಿಂದ ಹೆಣ್ಣು ದನಿ: "ಬರವಲ್ದಲ್ರೀ. ಇನ್ನೊಮ್ಮೆ ಕೊಡಲೇನು?"

ಮೇಲೆ ಅವನು ಬೇರೆ ಪ್ರಿಂಟರ್ ತಂದಿಟ್ಟಿದ್ದ. ಲ್ಯಾಪ್‌ಟಾಪ್ ಮಾತ್ರ ರೂಢಿಯಂತೆ ನನ್ನ ಹೆಸರನ್ನೇ ಕೂಗುತ್ತಿತ್ತು. ಎರಡನೆಯ ಹಾಳೆ ಬಂತು, ಮೂರನೆಯದೂ.

ಆಮೇಲೆ ಅವನೇ ಓಡಿ ಬಂದ.

"ಅಂಕಿತಾ, ಮನ್ಯಾಗ ಹಟಾ ಹಿಡದ್ರು..."

"ಮುಂಡರಗಿಯಿಂದ ಜಲ್ದಿ ಬಂದ್ರಿ."

"ರಿ ಯಾಕ ಹಚ್ಚತಿ?"

"ಮೂರು ಬಂದಾವು. ತಗೋರಿ."

ತೆಗೆದುಕೊಂಡ. ಮಡಚಲಿಲ್ಲ, ಮುದ್ದೆ ಮಾಡಲಿಲ್ಲ. ಸುಕ್ಕಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಅದನ್ನು ನೋಡಿದ ಮೇಲೆ ಕೇಳುವುದು ಏನೂ ಉಳಿಯಲಿಲ್ಲ.

ಅವನು ಹೋದ ಮೇಲೆ ಹೆಸರು ಅಳಿಸಿ 'ಪ್ರಿಂಟರ್ ೧' ಎಂದು ಹಾಕಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ.

"ಅಂಕಿತಾ ಸಿಗವಲ್ದು ಅಂತ ಬರಾಕತ್ತೈತಿ ಇದರಾಗ. ಯಾರ್ರೀ ಅದು, ಅಂಕಿತಾ?"

"ಹಳೇ ಪ್ರಿಂಟರ್," ಎಂದ ಮೌನೇಶ.